ಕ್ಯಾಸೆಟ್ ತಿರುಗಿಸುವಷ್ಟರಲ್ಲಿ

ಧಾರವಾಡದಲ್ಲಿ ಹಾಡುವವರಿಗಿಂತ ಕೇಳುವವರ ಗತ್ತು ಒಂದು ಕೈ ಹೆಚ್ಚು. ಆ ಕೇಳುವವರಲ್ಲೂ ಒಂದು ಬೇರೆ ಪಂಗಡವಿತ್ತು. ಬೈಠಕ್ಕಿನ ಮೊದಲ ಸಾಲಿನಲ್ಲಿ ಟೇಪ್ ರೆಕಾರ್ಡರ್ ಮುಂದಿಟ್ಟುಕೊಂಡು, ಒಂದು ಬೆರಳು ಸದಾ ಗುಂಡಿಯ ಮೇಲಿದ್ದುದರಿಂದ ತಾಳ ಹಾಕಲೂ ಆಗದೆ ಚಡಪಡಿಸುತ್ತಿದ್ದವರು. ಕುಂದಗೋಳದ ನಾಡಗೇರ ವಾಡೆಯಲ್ಲಿ ರಾತ್ರಿಯಿಡೀ ನಡೆಯುವ ಸಂಗೀತಕ್ಕೂ ಹಾಜರು, ಯಾರದೋ ಪಡಸಾಲೆಯ ಹಾಡಿಕೆಗೂ ಹಾಜರು. ಗಾಯಕ ಮಲ್ಲಿಕಾರ್ಜುನ ಮನ್ಸೂರರ ಹೆಸರಿನಲ್ಲಿ ಧಾರವಾಡದಲ್ಲಿ ಕಲಾಭವನವಿದೆ, ಗಂಗೂಬಾಯಿ ಹಾನಗಲ್ಲರ ಹೆಸರಿನಲ್ಲಿ ಹುಬ್ಬಳ್ಳಿಯಲ್ಲಿ ಗುರುಕುಲವಿದೆ. ಗುಂಡಿ ಒತ್ತಿದವನ ಹೆಸರು ಮಾತ್ರ ಅವನದೇ ಕ್ಯಾಸೆಟ್ಟಿನ ಚೀಟಿಯ ಮೇಲೂ ಇಲ್ಲ. ಯಾವ ರಾಗ, ತಬಲಾಕ್ಕೆ ಯಾರು, ಯಾವ ತಾರೀಖು, ಅಷ್ಟನ್ನು ಬರೆದು ಅವನು ಮುಗಿಸಿದ.

ಅಂಥ ಒಬ್ಬರ ಪೆಟ್ಟಿಗೆ ನನಗೆ ರದ್ದಿ ಅಂಗಡಿಯಲ್ಲಿ ಸಿಕ್ಕಿತು. ಕ್ಯಾಸೆಟ್ಟುಗಳ ಜತೆ ಕೆಲವು ಡೈರಿಗಳೂ ಇದ್ದವು. “ಡೈರಿ ತೂಕಕ್ಕ ಹಚ್ಚತೇನ್ರಿ ಸರ. ಕ್ಯಾಸೆಟ್ ಹಂಗ ಒಯ್ರಿ, ಅವನ್ನ ಯಾರೂ ಕೇಳೂದಿಲ್ಲ” ಅಂದ ಅಂಗಡಿಯವ. ಅವನ ಮಾತಿಗೆ ಎರಡು ಅರ್ಥವಿದೆ ಎಂಬುದು ಅವನಿಗೆ ಗೊತ್ತಿರಲಿಕ್ಕಿಲ್ಲ.

ಧಾರವಾಡದ ಮಳೆಗಾಲ ಟೇಪಿನ ಮೇಲೆ ಬಿಳಿ ಬೂಷ್ಟು ಬೆಳೆಸಿತ್ತು. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಚೂರು ಮೆತ್ತೆ ಕೆಲವುಗಳಲ್ಲಿ ಉದುರಿಹೋಗಿತ್ತು. ಮೇಲಂಚಿನ ಅಳಿಸದಂತೆ ಕಾಯುವ ಕಿಂಡಿಗಳಿಗೆ ಸೆಲ್ಲೋ ಟೇಪ್ ಅಂಟಿಸಿ, ಸಿನಿಮಾ ಹಾಡಿನ ಕ್ಯಾಸೆಟ್ಟಿನ ಮೇಲೆ ತೋಡಿ ರಾಗ ತುಂಬಿಸಿದ್ದರು ಪುಣ್ಯಾತ್ಮರು. ತೋಡಿ ಮುಗಿದು ಚಪ್ಪಾಳೆ ಕೇಳಿಸಿ, ಒಂದು ಕ್ಷಣ ಮೌನ. ಆಮೇಲೆ ಅಳಿಸದೆ ಉಳಿದ ಯುಗಳಗೀತೆ ಅರ್ಧ ಚರಣದಿಂದ ಎದ್ದು ಬರುತ್ತಿತ್ತು.

ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿ ಲ್ಯಾಪ್‌ಟಾಪಿನ ಮೇಲೆ ‘ಪ್ರಯೋಗಶೀಲ’ ಸಂಗೀತ ಮಾಡುವವನು. ಪೆಟ್ಟಿಗೆಯ ಸುದ್ದಿ ಕೇಳಿ ರಾತ್ರಿ ಬಸ್ಸಿಗೇ ಬಂದ. ದೊಡ್ಡವರ ತಾನ್ ಕತ್ತರಿಸಿ ಗಿರಕಿ ಹೊಡೆಸುತ್ತಾನೆ ಎಂದು ನಾನು ಬೈಯಲು ತಯಾರಾಗಿ ಕೂತಿದ್ದೆ. “ಮಾಮಾ, ತಾನ್ ಬ್ಯಾಡ. ಇವರು ಕ್ಯಾಸೆಟ್ ತಿರುಗಸೂ ಸಪ್ಪಳ ಬೇಕು” ಅಂದ.

ತೊಂಬತ್ತು ನಿಮಿಷದ ಕ್ಯಾಸೆಟ್ಟಿನ ಒಂದು ಬದಿಗೆ 45 ನಿಮಿಷ. ಬಡಾ ಖ್ಯಾಲು ಗಡಿಯಾರ ನೋಡಿ ನಡೆಯುವುದಿಲ್ಲ. ದ್ರುತ್ ಏರುವ ಹೊತ್ತಿಗೇ ಖಟ್ ಎಂದು ಗುಂಡಿ ಮೇಲೆ ಹಾರುತ್ತದೆ. ಆ ಬದಿಯ ಕೊನೆಗೆ, ಈ ಬದಿಯ ಮೊದಲಿಗೆ ರೆಕಾರ್ಡ್ ಮಾಡಿದವರು ತಾವೇ ಸಿಕ್ಕಿಬಿದ್ದಿದ್ದಾರೆ: ಗಂಟಲು ಸರಿಮಾಡಿಕೊಳ್ಳುವುದು, ಬಳೆ ಸದ್ದಿನ ಜತೆ ಕಪ್ಪುಬಸಿ, “ಸರೀರಿ ಸ್ವಲ್ಪ” ಎಂಬ ಪಿಸುಮಾತು. ಗಾಯಕರು ಇವರಿಗಾಗಿ ಕಾಯಲಿಲ್ಲ, ಕಾಯಬೇಕಾಗಿಯೂ ಇರಲಿಲ್ಲ. ಒಂದು ಕ್ಯಾಸೆಟ್ಟಿನಲ್ಲಿ ಕರೆಂಟು ಹೋಗಿ ಸೆಲ್ ಮೇಲೆ ಮುದ್ರಿಸಿದ್ದಾರೆ. ಸೆಲ್ ಸೋಲುತ್ತ ಬಂದಂತೆ ಟೇಪು ನಿಧಾನವಾಗಿ ಓಡಿದೆ. ಹೀಗಾಗಿ ಈಗ ಸರಿಯಾದ ವೇಗದಲ್ಲಿ ಹಚ್ಚಿದರೆ ತಂಬೂರಿ ಸಮೇತ ಇಡೀ ಬೈಠಕ್ಕು ಮೆಲ್ಲಗೆ ಮೇಲೆ ಮೇಲೆ ಹೋಗುತ್ತದೆ. ಹುಡುಗ ಇದನ್ನೇ ಬೆನ್ನೆಲುಬು ಮಾಡಿಕೊಂಡ.

ಇದೇನು ಇವತ್ತಿನ ಹುಚ್ಚಲ್ಲ. 1948ರಲ್ಲಿ ಪ್ಯಾರಿಸ್ಸಿನ ಪಿಯೆರ್ ಶೆಫರ್ ರೈಲುಗಳ ಸದ್ದನ್ನಷ್ಟೇ ಜೋಡಿಸಿ ಕೃತಿ ಕಟ್ಟಿದ. ಇಂಜಿನ್ನು ಕೂಗದೆ ಬೆಳಗಾಗದ ಹುಬ್ಬಳ್ಳಿಯವರು ಅದಕ್ಕೆ ಬೆರಗಾಗಬೇಕಿಲ್ಲ. ನನಗೆ ಹೆಚ್ಚು ತಟ್ಟಿದ್ದು ಇಂಗ್ಲೆಂಡಿನ ಗ್ಯಾವಿನ್ ಬ್ರಯರ್ಸ್ 1971ರಲ್ಲಿ ಮಾಡಿದ್ದು. ಲಂಡನ್ನಿನ ಬೀದಿಬದಿಯ ಮುದುಕನೊಬ್ಬ ಯೇಸುವಿನ ಮೇಲೆ ಹಾಡಿದ ತುಣುಕು, ಯಾವುದೋ ಚಿತ್ರೀಕರಣದಲ್ಲಿ ಉಳಿದ ಟೇಪು. ಅದನ್ನು ಮತ್ತೆ ಮತ್ತೆ ತಿರುಗಿಸಿ ಹಿಂದೆ ವಾದ್ಯವೃಂದ ಸೇರಿಸಿದ. ಟೇಪು ತಿರುಗಲು ಬಿಟ್ಟು ಕಾಫಿಗೆ ಹೋಗಿ ಬರುವಷ್ಟರಲ್ಲಿ ಪಕ್ಕದ ಕೋಣೆಯಲ್ಲಿದ್ದ ಕೆಲವರು ಅಳುತ್ತಿದ್ದರಂತೆ. ಕೃತಿ ಕೇಳುವ ಮೊದಲೇ ಮುದುಕ ತೀರಿಹೋಗಿದ್ದ.

ನಮ್ಮ ದೇಶದ ಕಥೆಯೂ ಇದೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲಿ ಅಮೆರಿಕದ ಡೇವಿಡ್ ಟ್ಯೂಡರ್ ಮೂಗ್ ಸಿಂಥಸೈಸರ್ ಯಂತ್ರವಿಟ್ಟು ಸ್ಟುಡಿಯೋ ಕಟ್ಟಿಕೊಟ್ಟರು. ಗೀತಾ ಸಾರಾಭಾಯಿ, ಅತುಲ್ ದೇಸಾಯಿ ಮೊದಲಾದವರು ಅಲ್ಲಿ ಮಾಡಿದ ಸಂಗೀತ ದಶಕಗಳ ಕಾಲ ಅಲ್ಲಿಯ ಕಪಾಟಿನಲ್ಲೇ ಕೂತಿತ್ತು. ಬ್ರಿಟನ್ನಿನ ಪಾಲ್ ಪರ್ಗಸ್ ಅದನ್ನು ಹುಡುಕಿ ತೆಗೆದು, 2023ರಲ್ಲಿ ಆಲ್ಬಮ್ ಆಗಿ ಹೊರತಂದರು. ಸಂಸ್ಥೆಗೊಂದು ಕಪಾಟಾದರೂ ಇತ್ತು. ಮನೆಗಳಲ್ಲಿ ಇರುವುದು ಅಟ್ಟ.

ಡೈರಿಗಳ ವಿಷಯದಲ್ಲಿ ಮಾತ್ರ ನನಗೂ ಹುಡುಗನಿಗೂ ಜಗಳವಾಯಿತು. ಒಂದೇ ಪುಟದಲ್ಲಿ ಮಾರ್ವಾ ರಾಗ, ಹಾಲಿನ ಲೆಕ್ಕ, ಮಳೆ, “ಇಂದು ನಿಷಾದ ಸರಿ ಹತ್ತಲಿಲ್ಲ” ಎಂಬ ಷರಾ. ಇದನ್ನೆಲ್ಲ ಓದಿಸಿ ಹಾಡಿಕೆಯ ಮೇಲೆ ಹೊದಿಸಬೇಕು ಎಂದ. ಹಾಲಿನ ಲೆಕ್ಕ ಓದಿಸು, ಅಡ್ಡಿಯಿಲ್ಲ. ಸಾಲದ ಲೆಕ್ಕ, ಹೆಂಡತಿಯ ಜಡ್ಡು ಇರುವ ಪುಟಗಳನ್ನು ಮುಟ್ಟಬೇಡ ಎಂದೆ. “ಕಲಾ ಅಂದಮ್ಯಾಗ ಎಲ್ಲಾ ಬರಬೇಕಲ್ಲ ಮಾಮಾ?” “ನಿಮ್ಮಪ್ಪನ ಡೈರಿ ಓದಸ್ತೀಯೇನು?” ಅಲ್ಲಿಗೆ ವಾದ ಮುಗಿಯಿತು. ಬೈಠಕ್ಕಿಗೆ ಬಂದವರು ಕೇಳಿಸಿಕೊಂಡದ್ದನ್ನು ನಾವೂ ಕೇಳಬಹುದು. ತಲೆದಿಂಬಿನಡಿಯ ಮಾತಿಗೆ ಅಪ್ಪಣೆ ಬೇಕು, ಅದನ್ನು ಕೊಡುವವರು ಈಗಿಲ್ಲ.

ಕೃತಿ ಸಿದ್ಧವಾದ ಮೇಲೆ ನಮ್ಮ ಓಣಿಯ ಹಿರಿಯ ರಸಿಕರೊಬ್ಬರಿಗೆ ಕೇಳಿಸಿದೆವು. ಕೊನೆಯವರೆಗೂ ಕಣ್ಣು ಮುಚ್ಚಿ ಕೂತರು. “ಷಡ್ಜ ನೆಲಿ ನಿಲ್ಲವಲ್ದು, ಮದಲ ಸೆಲ್ ಹಾಕ್ರಿ” ಅಂದರು. ಚಾ ಕುಡಿದ ಮೇಲೆ, “ಆ ಕೆಮ್ಮು ಇನ್ನೊಮ್ಮೆ ಹಚ್ಚು. ನಾ ಇವರನ್ನ ಕಂಡೇನಿ ಅನಸ್ತದ” ಎಂದರು. ಹೆಸರು ಅವರಿಗೂ ನೆನಪಾಗಲಿಲ್ಲ.

ನಿಮ್ಮ ಅಟ್ಟದಲ್ಲಿ ಇಂಥ ಪೆಟ್ಟಿಗೆಯಿದ್ದರೆ ಮೊದಲು ಚೀಟಿಯ ಮೇಲೆ ರೆಕಾರ್ಡ್ ಮಾಡಿದವರ ಹೆಸರು ಬರೆಯಿರಿ, ಮನೆಯಲ್ಲಿ ಬಲ್ಲವರು ಇರುವಾಗಲೇ. ಆಮೇಲೆ ಇಡೀ ಕ್ಯಾಸೆಟ್ಟನ್ನು, ಕೆಮ್ಮು ಖಟ್ ಸಮೇತ, ಎರಡೂ ಬದಿ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಪ್ರಯೋಗ ಮಾಡುವ ಹುಡುಗರಿಗೆ ಅದರ ನಕಲು ಕೊಡಿ, ಮೂಲ ಕೊಡಬೇಡಿ.