ಆರುವ ಹೊತ್ತು

ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಲ್ಲಿ ನಮ್ಮೂರು ಹಗರೆ. ಹಳೇಬೀಡಿನ ಕಡೆಗೆ ರಸ್ತೆ ಒಡೆಯುವುದೂ ಅಲ್ಲೇ. ನೆಂಟರು ಬಂದರೆ ಹೊಯ್ಸಳೇಶ್ವರ ಗುಡಿ ತೋರಿಸಿಕೊಂಡು ಬರುವುದು ನನ್ನ ಪಾಲಿನ ಕೆಲಸ. ಬಳಪದ ಕಲ್ಲಿನ ಆ ಗೋಡೆಗಳನ್ನು ನೋಡುತ್ತಾ ಬೆಳೆದ ನನಗೆ, ಒಂದು ರೂಪ ಮಾಡುವುದೆಂದರೆ ಬೇಡದ್ದನ್ನು ಕೆತ್ತಿ ತೆಗೆಯುವುದು ಎಂದೇ ಅನ್ನಿಸಿತ್ತು.

ಈಗ ನಾನು ಸಂಶೋಧನೆ ಮಾಡುತ್ತಿರುವ ಹೈಬ್ರಿಡ್ ಯಂತ್ರ ಕೂಡಿಸುತ್ತದೆ, ಕೆತ್ತುತ್ತದೆ ಕೂಡ. ನಾಜಲ್‌ನಿಂದ ಬರುವ ಸ್ಟೀಲ್ ಪುಡಿಯನ್ನು ಲೇಸರ್ ಕರಗಿಸಿ ಪದರದ ಮೇಲೆ ಪದರ ಕೂರಿಸುತ್ತದೆ. ಆಮೇಲೆ ಅದೇ ಯಂತ್ರ ಮಿಲ್ಲಿಂಗ್ ಕಟರ್ ಹಿಡಿದು ಒರಟನ್ನು ಹೆರೆಯುತ್ತದೆ. ಪೂರ್ತಿ ಕಟ್ಟಿ ಕೊನೆಗೆ ಹೆರೆಯಬಾರದೇ ಎಂದು ನೀವು ಕೇಳಬಹುದು. ಒಳಗೆ ನೀರು ಹರಿಯುವ ಕಾಲುವೆಯಿದ್ದರೆ, ಅದು ಮುಚ್ಚಿಕೊಂಡ ಮೇಲೆ ಕಟರ್ ಅಲ್ಲಿಗೆ ತಲುಪುವುದಿಲ್ಲ. ಅದಕ್ಕೇ ಸ್ವಲ್ಪ ಕಟ್ಟಬೇಕು, ಸ್ವಲ್ಪ ಹೆರೆಯಬೇಕು, ಮತ್ತೆ ಕಟ್ಟಬೇಕು.

ಕಷ್ಟವಿರುವುದು ಈ ಬದಲಾವಣೆಯಲ್ಲಿ. 100 ಮಿಲಿಮೀಟರ್ ಉದ್ದದ ಸ್ಟೇನ್‌ಲೆಸ್ ಸ್ಟೀಲ್ ತುಂಡು 100 ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು 0.17 ಮಿಲಿಮೀಟರ್ ಹಿಗ್ಗುತ್ತದೆ. ಬಿಸಿಯಲ್ಲೇ ಅಳತೆಗೆ ಸರಿಯಾಗಿ ಹೆರೆದರೆ ತಣಿದಾಗ ಅಷ್ಟೂ ಕಡಿಮೆಯಾಗಿರುತ್ತದೆ. ತಣಿಸಲೆಂದು ಕೂಲೆಂಟ್ ಸುರಿದರೆ, ಉಳಿದ ತೇವದಿಂದ ಮುಂದಿನ ಪದರದಲ್ಲಿ ಗುಳ್ಳೆಗಳಾಗಬಹುದು. ಸುಮ್ಮನೆ ಕಾಯಬೇಕು.

ಫೆಲೋಶಿಪ್ ಮುಗಿಯಲು 4 ತಿಂಗಳಿದ್ದಾಗ ನಾನು ಕಾಯಲಿಲ್ಲ. 40 ನಿಮಿಷದ ಬಿಡುವನ್ನು 8ಕ್ಕೆ ಇಳಿಸಿದೆ. 5 ತುಂಡುಗಳೂ ಅಳತೆ ತಪ್ಪಿದವು. ಆ ರಾತ್ರಿ ಅಪ್ಪನಿಗೆ ಫೋನ್ ಮಾಡಿ, ಯಂತ್ರದ ವಿಷಯ ಹೇಗೆ ಹೇಳುವುದೆಂದು ತಿಳಿಯದೆ, "ಬಿಸಿ ಆರೋಕೆ ಮುಂಚೆ ಕುಯ್ದುಬಿಟ್ಟೆ ಅಪ್ಪ" ಎಂದೆ.

"ಕೊಟ್ಟಿಗೆ ಗೋಡೆ ಮರ್ತ್ಯಾ?" ಎಂದ.

ಮರೆತಿರಲಿಲ್ಲ. ಮಳೆಗೆ ಕುಸಿದ ಮಣ್ಣಿನ ಗೋಡೆಯನ್ನು ಅಪ್ಪ ದಿನಕ್ಕೆ ಒಂದೇ ವರಸೆ ಎತ್ತರಿಸುತ್ತಿದ್ದ. ಮಾರನೆಯ ದಿನ ಉಬ್ಬಿದ ಅಂಚನ್ನು ಮಚ್ಚಿನಲ್ಲಿ ಸವರಿ, ಆಮೇಲೆ ಮೇಲಿನ ವರಸೆ ಇಡುತ್ತಿದ್ದ. ಹಸಿಯಾಗಿ ಸವರಿದರೆ ಗೋಡೆ ಜರಿಯುತ್ತದೆ, ಪೂರ್ತಿ ಒಣಗಿದರೆ ಮಚ್ಚು ಇಳಿಯುವುದಿಲ್ಲ. ಇವತ್ತೇ ಮುಗಿಸು ಎಂದು ನಾನು ಹಟ ಹಿಡಿದಾಗ, "ನೆನ್ನೆದು ಆರ್ದೆ ಇವತ್ತಿಂದ ಹೊರಾಕಿಲ್ಲ ಕಣವ್ವ" ಅಂದಿದ್ದ.

ಕೆಟ್ಟ 5 ತುಂಡುಗಳನ್ನು ಮಹಾಪ್ರಬಂಧದಿಂದ ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ. ಎಷ್ಟು ನಿಮಿಷ ಕಾದರೆ ಎಷ್ಟು ತಪ್ಪು ಎಂಬ ಕೋಷ್ಟಕದಲ್ಲಿ ಅವೇ ಮೊದಲ ಸಾಲು. ಉಳಿದ ಸಾಲುಗಳಿಗಾಗಿ ಈಗ ಫೆಲೋಶಿಪ್ ಇಲ್ಲದೆಯೇ, ಯಂತ್ರದ ಗಾಜಿನ ಮುಂದೆ ಕೂತು ತುಂಡು ಆರುವುದನ್ನು ಕಾಯುತ್ತಿದ್ದೇನೆ.