ಮೂವತ್ತೈದು ಕೆಜಿ ಮೂಟೆ ಮತ್ತು ನಲವತ್ತರ ಗೆರೆ

ನಮ್ಮದು ರೈಲ್ವೆ ಮನೆ. ಅಪ್ಪ ಅರಸೀಕೆರೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವರು. (ಈಗ ಆ ಹುದ್ದೆಗೆ ಟ್ರ್ಯಾಕ್ ಮೇಂಟೇನರ್ ಅಂತ ಹೆಸರು. ಹೆಸರು ಬದಲಾಗಿದೆ, ಹಾರೆ ಸುತ್ತಿಗೆ ಅವೇ.) ಹಾಗಾಗಿ ನಮ್ಮ ಮನೆಯಲ್ಲಿ ‘ಮೆಡಿಕಲ್’ ಅಂದರೆ ಔಷಧಿ ಅಂಗಡಿ ಅಲ್ಲ, ರೈಲ್ವೆ ಆಸ್ಪತ್ರೆಯ ತಪಾಸಣೆ. ‘ಪಾಪ, ಅವರ ಹುಡುಗ ಮೆಡಿಕಲ್‌ನಲ್ಲಿ ಹೋದ’ ಅಂದರೆ ಬರೆದ ಪರೀಕ್ಷೆಯೆಲ್ಲಾ ಪಾಸಾಗಿ ಕೊನೆಗೆ ಕಣ್ಣಲ್ಲೋ ಕಿವಿಯಲ್ಲೋ ಫೇಲಾದ ಅಂತ ಅರ್ಥ. ಕ್ವಾರ್ಟರ್ಸ್ ಸಾಲಿನಲ್ಲಿ ಈ ಮಾತನ್ನ ಸಾವಿನ ಸುದ್ದಿ ಹೇಳೋವಷ್ಟೇ ಮೆಲ್ಲಗೆ ಹೇಳೋರು.

ಈಗ ಅಣ್ಣನ ಮಗನ ಸರದಿ. ಲೆವೆಲ್-1 (ಹಿಂದಿನ ಗ್ರೂಪ್ ಡಿ) ಹುದ್ದೆಗಳಿಗೆ 2025ರ ಜನವರಿಯಲ್ಲಿ 32,438 ಜಾಗಗಳ ಅಧಿಸೂಚನೆ ಬಂತಲ್ಲ, ಅದಕ್ಕೆ ಅರ್ಜಿ ಹಾಕಿದವನು ಅವನು. ದಿನಾ ಬೆಳಗ್ಗೆ ಗೊಬ್ಬರದ ಚೀಲಕ್ಕೆ ಮರಳು ತುಂಬಿ ಹೆಗಲ ಮೇಲೆ ಹೊತ್ತು ನಡೆಯೋದು ಅವನ ಅಭ್ಯಾಸ. ಒಂದು ಸಲ ಫೋನಿನಲ್ಲಿ ಕೇಳಿದ, “ಚಿಕ್ಕಪ್ಪ, ನೀವಿರೋ ಕಡೆ ರೈಲ್ವೆಗೆ ಎಷ್ಟು ಕೆಜಿ ಹೊರಬೇಕು?”

ನಾನಿರೋದು ಶಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿ. ಆಫೀಸಿಗೆ ಹೋಗೋದು ರೈಲಲ್ಲೇ, ಆ ಲೈನಿನ ಹೆಸರೇ ಬಿಎನ್‌ಎಸ್‌ಎಫ್ ಲೈನ್. ದಾರಿಯಲ್ಲಿ ಸಿಸೆರೋ ಹತ್ತಿರ ಅದೇ ಕಂಪನಿಯ ದೊಡ್ಡ ಕಂಟೇನರ್ ಯಾರ್ಡು ಸಿಗುತ್ತೆ. ಇಷ್ಟು ವರ್ಷ ಕಿಟಕಿಯಲ್ಲಿ ಅದನ್ನ ನೋಡಿಕೊಂಡು ಹೋಗಿದ್ದರೂ ಅಲ್ಲಿ ಕೆಲಸ ಮಾಡೋರನ್ನ ಹೇಗೆ ಆರಿಸ್ತಾರೆ ಅಂತ ಯೋಚನೆಯೇ ಬಂದಿರಲಿಲ್ಲ. ಹುಡುಗ ಕೇಳಿದನಲ್ಲ ಅಂತ ಹುಡುಕುತ್ತಾ ಕೂತೆ. ಸಿಕ್ಕಿದ್ದು ಎತ್ತೋ ಭಾರದ ಲೆಕ್ಕಕ್ಕಿಂತ ಹೆಚ್ಚಾಗಿ, ಎತ್ತೋನ ಭಾರದ ಲೆಕ್ಕ!

ಮೊದಲು ನಮ್ಮ ಕಡೆಯದು ಹೇಳಿಬಿಡ್ತೀನಿ, ಗೊತ್ತಿಲ್ಲದವರಿಗೆ. ಲೆವೆಲ್-1ಕ್ಕೆ ಗಂಡಸರಾದರೆ 35 ಕೆಜಿ ಭಾರ ಹೊತ್ತು 100 ಮೀಟರ್ ದೂರವನ್ನ 2 ನಿಮಿಷದೊಳಗೆ ದಾಟಬೇಕು, ಮಧ್ಯೆ ಕೆಳಗಿಡೋ ಹಾಗಿಲ್ಲ. ಜೊತೆಗೆ 1000 ಮೀಟರ್ ಓಟ, 4 ನಿಮಿಷ 15 ಸೆಕೆಂಡಿನಲ್ಲಿ. ಹೆಂಗಸರಿಗೆ 20 ಕೆಜಿ, ಅದೇ 100 ಮೀಟರ್, ಅದೇ 2 ನಿಮಿಷ. ಓಟಕ್ಕೆ 5 ನಿಮಿಷ 40 ಸೆಕೆಂಡ್. ಎರಡಕ್ಕೂ ಒಂದೊಂದೇ ಅವಕಾಶ. ಎಡವಿ ಬಿದ್ದರೆ ಮುಂದಿನ ಅಧಿಸೂಚನೆ ಕಾಯಬೇಕು. 2025ರದ್ದಕ್ಕಿಂತ ಹಿಂದಿನದು ಬಂದಿದ್ದು 2019ರಲ್ಲಿ, ಅಂದರೆ ಆರು ವರ್ಷ. ಅಷ್ಟರಲ್ಲಿ ಎಷ್ಟೋ ಹುಡುಗರ ವಯಸ್ಸೇ ಮೀರಿ ಹೋಗಿರುತ್ತೆ.

ಇದು ದಾಟಿದರೆ ಮೆಡಿಕಲ್. ಹುದ್ದೆಗೆ ತಕ್ಕ ಹಾಗೆ ಎ-1ರಿಂದ ಸಿ-2ರವರೆಗೆ ದರ್ಜೆಗಳಿವೆ. ಎಂಜಿನ್ ಓಡಿಸೋನು ಎ-1, ಎರಡೂ ಕಣ್ಣು ಕನ್ನಡಕ ಇಲ್ಲದೆ 6/6 ಇರಬೇಕು. ಪಾಯಿಂಟ್ಸ್‌ಮನ್ ಎ-2, ಕನ್ನಡಕ ಇಲ್ಲದೆ 6/9. ಹಳಿ ನೋಡಿಕೊಳ್ಳೋನು ಬಿ-1, ಒಂದು ಕಣ್ಣು 6/9 ಇನ್ನೊಂದು 6/12 ಇದ್ದರೆ ಸಾಕು, ಕನ್ನಡಕವೂ ನಡೆಯುತ್ತೆ, ಪವರ್ ಮಾತ್ರ ನಾಲ್ಕು ದಾಟಬಾರದು. ಬಣ್ಣ ಗುರುತಿಸೋ ಪರೀಕ್ಷೆ ಈ ಮೂವರಿಗೂ ಉಂಟು. ಇದರ ಹಿಂದೊಂದು ಹಳೇ ಕಥೆ ಇದೆ. 1875ರಲ್ಲಿ ಸ್ವೀಡನ್ನಿನ ಲಾಗರ್‌ಲುಂಡಾದಲ್ಲಿ ಎರಡು ರೈಲು ಎದುರುಬದುರು ಗುದ್ದಿಕೊಂಡವು. ಬಣ್ಣಗುರುಡಿನಿಂದ ಹೀಗಾಗಿರಬಹುದು ಅಂತ ಹೋಮ್‌ಗ್ರೆನ್ ಅನ್ನೋ ವಿಜ್ಞಾನಿ ವಾದ ಮಾಡಿ, ಉಣ್ಣೆ ದಾರಗಳ ಬಣ್ಣ ಹೊಂದಿಸೋ ಪರೀಕ್ಷೆ ತಂದ. ಕೆಂಪು ಹಸಿರು ಗೊತ್ತಾಗದವನ ಕೈಗೆ ರೈಲು ಕೊಡಬಾರದು ಅನ್ನೋದು ಯಾರಿಗಾದರೂ ಅರ್ಥವಾಗೋ ಮಾತೇ.

ಗಮನಿಸಿ, ಇಷ್ಟು ಲೆಕ್ಕದಲ್ಲಿ ಹುಡುಗನ ತೂಕ ಎಷ್ಟಿರಬೇಕು ಅಂತ ಎಲ್ಲೂ ಬರಲಿಲ್ಲ. ನಮ್ಮ ಹುಡುಗ ಐದಡಿ ಐದಂಗುಲ, 49 ಕೆಜಿ. ಬಿಎಂಐ ಲೆಕ್ಕ ಹಾಕಿದರೆ 18, ಅಂದರೆ 18.5ರ ಗೆರೆಗಿಂತ ಕೆಳಗೆ, ‘ತೂಕ ಕಡಿಮೆ’ ಅನ್ನೋ ಪಟ್ಟಿಯಲ್ಲಿ. ಹೊರಬೇಕಾದ ಮೂಟೆ ಅವನ ತೂಕದ ಮುಕ್ಕಾಲಿಗೆ ಹತ್ತಿರ. ಆದರೂ ಒಂದೂ ಮುಕ್ಕಾಲು ನಿಮಿಷದಲ್ಲಿ ಮುಗಿಸ್ತಾನೆ.

ಇನ್ನು ಅಮೆರಿಕದ್ದು. ಇಲ್ಲಿ ರೈಲು ಚಾಲಕರಿಗೆ ಕೇಂದ್ರ ಸರ್ಕಾರ ಹಾಕಿರೋ ದೇಹದ ನಿಯಮ ಮುಖ್ಯವಾಗಿ ಕಣ್ಣು ಕಿವಿಯದು. ಕನ್ನಡಕ ಹಾಕಿಯೋ ಹಾಕದೆಯೋ ಎರಡೂ ಕಣ್ಣು 20/40 ಬಂದರೆ ಆಯಿತು (ನಮ್ಮ ಲೆಕ್ಕದಲ್ಲಿ 6/12), ಸಿಗ್ನಲ್ಲಿನ ಬಣ್ಣ ಗೊತ್ತಾಗಬೇಕು, ಕಿವಿ ಕೇಳಬೇಕು. ತೂಕದ ನಿಯಮ ಸರ್ಕಾರದ್ದಲ್ಲ, ಕಂಪನಿ ಮಾಡಿಕೊಂಡಿದ್ದು. ಬಿಎನ್‌ಎಸ್‌ಎಫ್ ಮಾಡಿಕೊಂಡಿದ್ದ ನಿಯಮ ಕೋರ್ಟಿನ ತೀರ್ಪುಗಳಲ್ಲೇ ದಾಖಲಾಗಿದೆ: ಸುರಕ್ಷತೆಗೆ ಸಂಬಂಧಪಟ್ಟ ಕೆಲಸಕ್ಕೆ ಹೊಸದಾಗಿ ಬರೋನ ಬಿಎಂಐ 40 ಅಥವಾ ಹೆಚ್ಚಿದ್ದರೆ ತಗೊಳ್ಳೋದಿಲ್ಲ. ಐದಡಿ ಹತ್ತಂಗುಲದ ಮನುಷ್ಯ ಸುಮಾರು 126 ಕೆಜಿ ದಾಟಿದರೆ ಈ ಗೆರೆ ದಾಟಿದ ಹಾಗೆ.

ಇಲ್ಲಿನ ಕಾನೂನಿನ ಪ್ರಕಾರ ಮೊದಲು ಕೆಲಸ ಕೊಡ್ತೀವಿ ಅಂತ ಹೇಳಿ, ಆಮೇಲಷ್ಟೇ ವೈದ್ಯಕೀಯ ತಪಾಸಣೆ ಮಾಡಬಹುದು. ಹಾಗಾಗಿ ಮನುಷ್ಯನ ಕೈಗೆ ಪತ್ರ ಬಂದಿರುತ್ತೆ, ಮನೆಯಲ್ಲಿ ಸಿಹಿಯೂ ಹಂಚಿರ್ತಾರೆ ಅನ್ನಿ, ಆಮೇಲೆ ತಕ್ಕಡಿ. ನೆಬ್ರಾಸ್ಕಾದ ಒಬ್ಬ ಮೆಷಿನಿಸ್ಟ್ ಕೆಲಸದ ಅರ್ಜಿದಾರನಿಗೆ ಹೀಗೇ ಆಯಿತು. ಒಂದು ಸಲ ತೂಗಿದಾಗ ಬಿಎಂಐ 40.9, ಇನ್ನೊಂದು ಸಲ 40.4. ದಿನನಿತ್ಯದ ಯಾವ ಕೆಲಸಕ್ಕೂ ತೊಂದರೆ ಇಲ್ಲ ಅಂತ ಅವನು ಬರೆದುಕೊಟ್ಟಿದ್ದ. ಕೆಲಸ ವಾಪಸ್. ಅಂಗವೈಕಲ್ಯದ ಹೆಸರಿನಲ್ಲಿ ತಾರತಮ್ಯ ಮಾಡಿದ್ದಾರೆ ಅಂತ ಕೋರ್ಟಿಗೆ ಹೋದ. 2016ರಲ್ಲಿ ಎಂಟನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ ಹೇಳಿತು: ಬೊಜ್ಜಿನ ಹಿಂದೆ ದೇಹದೊಳಗಿನ ಬೇರೆ ಯಾವುದಾದರೂ ರೋಗ ಇದ್ದರೆ ಮಾತ್ರ ಅದು ಕಾನೂನಿನ ಕಣ್ಣಿಗೆ ವೈಕಲ್ಯ, ಬರೀ ಬೊಜ್ಜು ಅಲ್ಲ. ತಮಾಷೆ ನೋಡಿ, ಅವನಿಗೆ ಕಾಯಿಲೆ ಇದ್ದಿದ್ದರೆ ರಕ್ಷಣೆ ಸಿಗುತ್ತಿತ್ತೇನೋ, ಆರೋಗ್ಯವಾಗಿದ್ದೀನಿ ಅಂದಿದ್ದಕ್ಕೆ ಸಿಗಲಿಲ್ಲ!

ಇನ್ನೊಂದು ನಮ್ಮ ಶಿಕಾಗೋದ್ದೇ. ಕಾರ್ವಿತ್ ಅನ್ನೋ ಯಾರ್ಡಿನಲ್ಲಿ ಬೇರೊಂದು ಕಂಪನಿಯ ಕೆಳಗೆ 33 ವರ್ಷ ದುಡಿದವನು, ಕ್ರೇನ್ ಕೂಡ ನಡೆಸಿದವನು. ಆ ಕೆಲಸವನ್ನ ಬಿಎನ್‌ಎಸ್‌ಎಫ್ ತಾನೇ ವಹಿಸಿಕೊಂಡಾಗ ಹಳಬರೆಲ್ಲಾ ಹೊಸದಾಗಿ ಅರ್ಜಿ ಹಾಕಬೇಕಾಯಿತು. ಇವನ ಬಿಎಂಐ 47.5. ನಿದ್ದೆಯಲ್ಲಿ ಉಸಿರು ಕಟ್ಟೋ ಕಾಯಿಲೆ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇವೆಲ್ಲಾ ಮುಂದೆ ಬರಬಹುದು, ಯಂತ್ರದ ಮೇಲಿರುವಾಗ ಇದ್ದಕ್ಕಿದ್ದ ಹಾಗೆ ಪ್ರಜ್ಞೆ ತಪ್ಪಬಹುದು ಅಂತ ಕಂಪನಿ ಬೇಡ ಅಂದಿತು. ಬಂದಿದೆ ಅಂತಲ್ಲ, ಬರಬಹುದು ಅಂತ. 2019ರಲ್ಲಿ ಏಳನೇ ಸರ್ಕಿಟ್ ನ್ಯಾಯಾಲಯ, ಕಾನೂನು ಇವತ್ತಿರೋ ವೈಕಲ್ಯದ ಬಗ್ಗೆ ಮಾತ್ರ ಮಾತಾಡುತ್ತೆ, ಮುಂದೆ ಬರಬಹುದಾದ್ದರ ಬಗ್ಗೆ ಅಲ್ಲ ಅಂತ ಕಂಪನಿಯ ಪರವಾಗಿಯೇ ತೀರ್ಪು ಕೊಟ್ಟಿತು.

ಇದನ್ನ ಓದಿದ ದಿನ ನನಗೆ ಅಪ್ಪನ ಗ್ಯಾಂಗಿನ ಮೇಟ್ ಒಬ್ಬರು ನೆನಪಾದರು. ಭಾರಿ ಆಳು, ನೂರು ಕೆಜಿ ಮೇಲೇ ಇದ್ದರು, ಹೊಟ್ಟೆ ಇವರಿಗಿಂತ ಒಂದು ಗೇಣು ಮುಂದೆ ನಡೀತಿತ್ತು. ಹಳಿ ಎತ್ತುವಾಗ ಎಲ್ಲರೂ ಅವರ ಪಕ್ಕಕ್ಕೇ ನಿಲ್ಲೋಕೆ ನೋಡೋರು, ಭಾರ ಅವರ ಕಡೆ ವಾಲುತ್ತೆ ಅಂತ :) ಅದೇ ಗ್ಯಾಂಗಿನಲ್ಲಿ ಕಡ್ಡಿ ಹಾಗಿದ್ದ ಇನ್ನೊಬ್ಬರು ನಲವತ್ತೆಂಟಕ್ಕೇ ಎದೆ ಹಿಡಿದುಕೊಂಡು ಹೋದರು. ಇಬ್ಬರ ಉದಾಹರಣೆಯಿಂದ ಸಿದ್ಧಾಂತ ಮಾಡೋಕಾಗಲ್ಲ, ಗೊತ್ತು. ಆದರೆ ಬಿಎಂಐ ಅನ್ನೋ ಲೆಕ್ಕ ಹುಟ್ಟಿದ್ದೂ ಒಬ್ಬೊಬ್ಬನ ಹಣೆಬರಹ ಹೇಳೋಕಲ್ಲ. 1830ರ ದಶಕದಲ್ಲಿ ಬೆಲ್ಜಿಯಂನ ಕ್ವೆಟ್‌ಲೆ ಅನ್ನೋ ಅಂಕಿಅಂಶ ಪಂಡಿತ ಜನಸಮೂಹದ ಸರಾಸರಿ ಹುಡುಕೋಕೆ ಮಾಡಿದ ಲೆಕ್ಕ ಅದು. ಈಗಿನ ಹೆಸರನ್ನ 1972ರಲ್ಲಿ ಆನ್ಸೆಲ್ ಕೀಸ್ ಕೊಟ್ಟ. ಅದಕ್ಕೆ ಮಾಂಸಖಂಡ ಯಾವುದು ಕೊಬ್ಬು ಯಾವುದು ಅನ್ನೋ ಭೇದ ಗೊತ್ತಿಲ್ಲ. ನಮ್ಮಂಥ ಏಷ್ಯಾದವರಿಗೆ 23ಕ್ಕೇ ಎಚ್ಚರಿಕೆ ಬೇಕು ಅಂತ ಡಾಕ್ಟರುಗಳೇ ಹೇಳ್ತಾರೆ. ಅಂದರೆ ಗೆರೆ ಎಲ್ಲಿ ಎಳೀಬೇಕು ಅನ್ನೋದರಲ್ಲೇ ಎಲ್ಲರಿಗೂ ಒಂದೇ ಲೆಕ್ಕ ಇಲ್ಲ.

ಹಾಗಂತ ಕಂಪನಿಯ ಭಯ ಪೂರ್ತಿ ಸುಳ್ಳು ಅಂತ ತಿಳೀಬೇಡಿ. 2013ರ ಡಿಸೆಂಬರ್ 1ರ ಬೆಳಗ್ಗೆ ನ್ಯೂಯಾರ್ಕಿನ ಸ್ಪೈಟನ್ ಡೈವಿಲ್ ತಿರುವಿನಲ್ಲಿ ಗಂಟೆಗೆ 30 ಮೈಲಿ ವೇಗದಲ್ಲಿ ಹೋಗಬೇಕಿದ್ದ ರೈಲು 82 ಮೈಲಿ ವೇಗದಲ್ಲಿ ಬಂದು ಹಳಿ ತಪ್ಪಿತು, ನಾಲ್ಕು ಜನ ಸತ್ತರು. 2016ರ ಸೆಪ್ಟೆಂಬರ್ 29ರಂದು ನ್ಯೂಜೆರ್ಸಿಯ ಹೋಬೋಕನ್ ನಿಲ್ದಾಣದಲ್ಲಿ ರೈಲು ನಿಲ್ಲದೆ ಪ್ಲಾಟ್‌ಫಾರ್ಮಿಗೇ ನುಗ್ಗಿ ಒಬ್ಬ ಹೆಣ್ಣುಮಗಳು ತೀರಿಕೊಂಡಳು. ತನಿಖೆ ಮಾಡಿದಾಗ ಎರಡೂ ಚಾಲಕರಿಗೆ ನಿದ್ದೆಯಲ್ಲಿ ಉಸಿರು ಕಟ್ಟೋ ಕಾಯಿಲೆ ತೀವ್ರವಾಗಿತ್ತು, ಅದು ಇದೆ ಅಂತ ಯಾರೂ ಪತ್ತೆ ಮಾಡಿರಲಿಲ್ಲ ಅಂತ ಗೊತ್ತಾಯಿತು. ದಪ್ಪ ಇರೋರಿಗೆ ಇದು ಹೆಚ್ಚು ಅನ್ನೋದು ನಿಜ. ನಾನೂ ದಿನಾ ರೈಲಲ್ಲಿ ಕೂರೋನೇ, ಮುಂದಿನ ಡಬ್ಬಿಯಲ್ಲಿರೋನು ಎಚ್ಚರ ಇರಲಿ ಅಂತ ನನಗೂ ಆಸೆ.

ಆದರೆ ಈ ಕಾಯಿಲೆಯನ್ನ ಕಂಡುಹಿಡಿಯೋಕೆ ನೇರವಾದ ಪರೀಕ್ಷೆಯೇ ಇದೆ, ಒಂದು ರಾತ್ರಿ ಮಲಗಿಸಿ ಉಸಿರಾಟ ಅಳೀತಾರೆ. ಇದೆ ಅಂತ ಗೊತ್ತಾದರೆ ಚಿಕಿತ್ಸೆಯೂ ಇದೆ. ತೆಳ್ಳಗಿರೋರಿಗೂ ಇದು ಬರುತ್ತೆ, ಅವರು ತಕ್ಕಡಿ ದಾಟಿ ಆರಾಮಾಗಿ ಒಳಗೆ ಹೋಗ್ತಾರೆ. ಚಾಲಕರಿಗೆ ಈ ತಪಾಸಣೆ ಬೇಕೇ ಅಂತ ಇಲ್ಲಿನ ಸರ್ಕಾರ 2016ರಲ್ಲಿ ನಿಯಮದ ಯೋಚನೆ ಶುರು ಮಾಡಿತ್ತು, 2017ರ ಆಗಸ್ಟಿನಲ್ಲಿ ಕೈಬಿಟ್ಟಿತು. ನನಗೆ ಅರ್ಥವಾಗದೇ ಇರೋದು ಇದೇ. ಭಯ ಇರೋದು ಕಾಯಿಲೆಯದಾದರೆ ಕಾಯಿಲೆಯನ್ನೇ ಹುಡುಕಲಿ, ಎಲ್ಲರಲ್ಲೂ ಹುಡುಕಲಿ. ಕೆಲಸದ ಬಲ ಬೇಕಾದರೆ ಬಲವನ್ನೇ ನೋಡಲಿ, ಮೂಟೆ ಹೊರಿಸಲಿ.

ಇದರಲ್ಲಿ ದುಡ್ಡಿನ ಮಾತೂ ಇದೆ. ವಾಷಿಂಗ್ಟನ್ ರಾಜ್ಯದ ಒಬ್ಬನಿಗೆ 2007ರಲ್ಲಿ ಇದೇ ಕಂಪನಿಯಲ್ಲಿ ಎಲೆಕ್ಟ್ರಾನಿಕ್ ಟೆಕ್ನಿಶಿಯನ್ ಕೆಲಸ ಸಿಕ್ಕಿತ್ತು, ಬಿಎಂಐ 40ರ ಮೇಲೆ ಬಂತು. ನಿದ್ದೆ ಪರೀಕ್ಷೆ, ರಕ್ತ ಪರೀಕ್ಷೆ ಎಲ್ಲಾ ಮಾಡಿಸಿಕೊಂಡು ಬಾ, ಖರ್ಚು ನಿನ್ನದೇ ಅಂದರು. ಕೆಲಸ ಇಲ್ಲದವನು ಎಲ್ಲಿಂದ ತರಬೇಕು? ಅಮೆರಿಕದಲ್ಲಿ ಇನ್ಶೂರೆನ್ಸ್ ಇಲ್ಲದೆ ಆಸ್ಪತ್ರೆಗೆ ಕಾಲಿಟ್ಟವರಿಗೆ ಈ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಅವನು ಬಿಡಲಿಲ್ಲ. ಹನ್ನೆರಡು ವರ್ಷದ ನಂತರ, 2019ರ ಜುಲೈನಲ್ಲಿ, ಆ ರಾಜ್ಯದ ಸುಪ್ರೀಂ ಕೋರ್ಟು ತಮ್ಮ ರಾಜ್ಯದ ಕಾನೂನಿನ ಪ್ರಕಾರ ಬೊಜ್ಜು ಯಾವಾಗಲೂ ವೈಕಲ್ಯವೇ, ಹಿಂದೆ ಬೇರೆ ರೋಗ ಇರಲೇಬೇಕು ಅಂತಿಲ್ಲ ಅಂತ ಹೇಳಿತು. ಒಂದೇ ದೇಶ, ರಾಜ್ಯದ ಗಡಿ ದಾಟಿದರೆ ಕಾನೂನು ಬೇರೆ.

ನಮ್ಮ ರೈಲ್ವೆಯನ್ನ ಹೊಗಳೋಕೆ ಇದನ್ನೆಲ್ಲಾ ಬರೀತಿಲ್ಲ. ನಮ್ಮಲ್ಲಿ ಆಯ್ದ ಹುದ್ದೆಯ ಮೆಡಿಕಲ್‌ನಲ್ಲಿ ಹೋದರೆ ಬದಲಿ ಕೆಲಸ ಇಲ್ಲ ಅಂತ ಅಧಿಸೂಚನೆಯಲ್ಲೇ ಬರೆದಿರುತ್ತೆ. ಒಳಗೆ ಸೇರಿದ ಮೇಲೆ ಕಣ್ಣು ಕೆಟ್ಟವನಿಗೆ ಮಾತ್ರ ಅದೇ ಸಂಬಳದಲ್ಲಿ ಬೇರೆ ಕೆಲಸ ಕೊಡಲೇಬೇಕು ಅಂತ ಕಾನೂನಿದೆ. ಬಾಗಿಲ ಹೊರಗಿರೋನಿಗೂ ಒಳಗಿರೋನಿಗೂ ಅಷ್ಟು ವ್ಯತ್ಯಾಸ. ಆದರೂ ಎರಡು ಮಾತು ಒಪ್ಪಲೇಬೇಕು. ತಪಾಸಣೆ ಮಾಡೋದು ರೈಲ್ವೆಯ ಡಾಕ್ಟರೇ, 2019ರ ಅಧಿಸೂಚನೆಗಳಲ್ಲಿ ಅದಕ್ಕೆ ಅಭ್ಯರ್ಥಿ ಕಟ್ಟಬೇಕಿದ್ದ ಶುಲ್ಕ 24 ರೂಪಾಯಿ. ಮತ್ತೆ, ಮೂಟೆ ಯಾರ ಹೊಟ್ಟೆಯನ್ನೂ ನೋಡೋದಿಲ್ಲ. ನೂರು ಮೀಟರ್ ಆಚೆಗೆ ತಂದು ಇಟ್ಟೆಯಾ ಅಂತಷ್ಟೇ ಕೇಳುತ್ತೆ.

ನಿಮ್ಮಲ್ಲಿ ರೈಲ್ವೆ ಮನೆಯವರು ಬಹಳ ಜನ ಇದ್ದೀರಿ ಅಂತ ನನಗೆ ಗೊತ್ತು. ಹುಬ್ಬಳ್ಳಿ, ಗುಂತಕಲ್, ಮೈಸೂರಿನ ಕ್ವಾರ್ಟರ್ಸ್‌ಗಳಲ್ಲಿ ಬೆಳೆದವರು ‘ಮೆಡಿಕಲ್‌ನಲ್ಲಿ ಹೋದ’ವರನ್ನ ನೋಡಿಯೇ ಇರ್ತೀರಿ. ಅವರು ಆಮೇಲೆ ಏನಾದರು? ಬೇರೆ ಕೆಲಸ ಹಿಡಿದರಾ, ಇನ್ನೊಂದು ದರ್ಜೆಗೆ ಮತ್ತೆ ಬರೆದರಾ? ನಿಮಗೆ ಗೊತ್ತಿರೋರ ಕಥೆ ಇದ್ದರೆ ಹೆಸರು ಬಿಟ್ಟು ಬರೀರಿ, ಓದೋ ಆಸೆ ಇದೆ.