ಮರೆಯಲ್ಲಿಟ್ಟ ಜಾಣ್ಮೆ

ಗಣಿತದ ಪ್ರಾಧ್ಯಾಪಕ ಎಡ್ವರ್ಡ್ ಥಾರ್ಪ್ 1962ರಲ್ಲಿ ಪ್ರಕಟಿಸಿದ ಗ್ರಂಥವು, ಬ್ಲ್ಯಾಕ್‌ಜ್ಯಾಕ್ ಆಟದಲ್ಲಿ ಹಂಚಿಹೋದ ಇಸ್ಪೀಟು ಎಲೆಗಳ ಎಣಿಕೆಯಿಟ್ಟವನು ಕ್ಯಾಸಿನೊವನ್ನೇ ಮೀರಿಸಬಲ್ಲನೆಂದು ತೋರಿಸಿತು. ಮನಸ್ಸಿನಲ್ಲೇ ಎಣಿಸುವುದು ಅಪರಾಧವಲ್ಲ. ಆದರೂ ನೆವಾಡಾದ ಕ್ಯಾಸಿನೊಗಳು ಅಂಥವರನ್ನು ಹೊರಗಟ್ಟಬಲ್ಲವು. ಆದುದರಿಂದ ನಿಪುಣನು ಮೇಜಿಗೆ ಕುಳಿತಾಗ ಅಲ್ಪ ಹಣಕ್ಕಷ್ಟೇ ಬಿಲ್ಲೆಗಳನ್ನು ಕೊಳ್ಳುತ್ತಾನೆ. ಬೇಕಾದಾಗ ಮತ್ತಷ್ಟು ಕೊಳ್ಳುತ್ತಾನೆ. ಗೆದ್ದ ದೊಡ್ಡ ಬಿಲ್ಲೆಗಳನ್ನು ಸದ್ದಿಲ್ಲದೆ ಜೇಬಿಗಿಳಿಸುತ್ತಾನೆ.

ಅಮೆರಿಕದಲ್ಲಿ ಒಂದು ದಿನದ ನಗದು ವ್ಯವಹಾರ 10,000 ಡಾಲರ್ ದಾಟಿದರೆ ಕ್ಯಾಸಿನೊ ಸರ್ಕಾರಕ್ಕೆ ವರದಿ ಸಲ್ಲಿಸಬೇಕು. ಮೇಲ್ವಿಚಾರಕನ ಕಣ್ಣು ತಪ್ಪಿಸಲು ಹಣವನ್ನು ಒಡೆದರೆ ಅದು ಆಟದ ಜಾಣ್ಮೆ. ಆ ವರದಿಯನ್ನು ತಪ್ಪಿಸಲೆಂದೇ ಒಡೆದರೆ ಅದು ಅಪರಾಧ. ಕೈಯ ಕ್ರಿಯೆಯೊಂದೇ, ಭೇದವಿರುವುದು ಭಾವದಲ್ಲಿ.

ನ್ಯಾಯವಾಗಿ ಗೆದ್ದವನೂ ತನ್ನ ನಿಜರೂಪವನ್ನು ಮರೆಸಿ ಬಾಳಬೇಕಾದರೆ, ಆ ಗಳಿಕೆಯ ಬೆಲೆಯನ್ನು ಅವನ ಮನಸ್ಸೇ ಎಣಿಸಬೇಕು.